ಅಕ್ಕಡಿ ಸಾಲಿನ ಮದ್ದು ಆಸ್ಪತ್ರೆ ಸೇರುವುದು ಯಾವಾಗ?

ಮಾಗಡಿ ಕಡೆಯ ರಾಗಿ ಹೊಲವೆಂದರೆ ಬರೀ ರಾಗಿಯಲ್ಲ. ಇಷ್ಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು ಎಂದು ಲೆಕ್ಕವಿಟ್ಟು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಹಾಕುವುದು ಅಲ್ಲಿನ ವಾಡಿಕೆ. ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು ಹರಳು ಗಿಡ. ಚಳಿ ಬಿದ್ದ ಮೇಲೆ ಅವರೆಗೆ ರಾಜಮರ್ಯಾದೆ. ಮೂಟೆ ಮೂಟೆ ಬೆಂಗಳೂರಿಗೆ ಹೋಗುತ್ತದೆ. ಅಲಸಂದೆಯನ್ನು ಕೇಳುವವರಿಲ್ಲ. ಒಂದಿಷ್ಟು ಹುಳಿಗೆ, ಒಂದಿಷ್ಟು ಉಸಲಿಗೆ, ಉಳಿದದ್ದು ಮುಂದಿನ ವರ್ಷದ ಬಿತ್ತನೆಗೆ. ಗಿಡದ ಎಲೆ ಸುರುಟಿಕೊಂಡು ಹಸಿರು-ಹಳದಿ ಮಚ್ಚೆ ಬಿದ್ದರೆ ‘ನಂಜು ಬಿದ್ದಿದೆ’ ಎಂದು ಬೇರುಸಹಿತ ಕಿತ್ತು ಬದುವಿನಾಚೆ ಎಸೆಯುತ್ತಾರೆ.

ಅಂಥದೇ ಒಂದು ಅಲಸಂದೆ ನಂಜನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಪ್ರಯೋಗಾಲಯದಲ್ಲಿ ನಿಕೋಲ್ ಸ್ಟೈನ್‌ಮೆಟ್ಜ್ ಅವರ ತಂಡ ವರ್ಷಗಳಿಂದ ಜೋಪಾನವಾಗಿ ಸಾಕುತ್ತಿದೆ. ಹೆಸರು ಕೌಪೀ ಮೊಸಾಯಿಕ್ ವೈರಸ್. ಮೊದಲು ಗುರುತಿಸಿದ್ದು ಆಫ್ರಿಕಾದ ನೈಜೀರಿಯಾದಲ್ಲಿ. ಮಾಗಡಿ ಹೊಲದಲ್ಲಿ ಕಾಣುವ ಮಚ್ಚೆಗೆಲ್ಲ ಇದೇ ವೈರಸ್ ಕಾರಣವಲ್ಲ. ಅಲಸಂದೆಗೆ ಬರುವ ನಂಜುಗಳು ಹತ್ತಾರು. ಆದರೆ ಈ ವೈರಸ್ಸಿನ ಗುಣ ವಿಚಿತ್ರ. ಗಿಡವನ್ನು ಕಾಡುತ್ತದೆ, ಮನುಷ್ಯನ ಕೋಶದೊಳಗೆ ಮಾತ್ರ ಬೆಳೆಯಲಾರದು. ಹಾಗಿದ್ದೂ ಗೆಡ್ಡೆಗೆ ನೇರವಾಗಿ ಚುಚ್ಚಿದಾಗ ಮೈಯ ರಕ್ಷಣಾ ವ್ಯವಸ್ಥೆ ‘ಹೊರಗಿನವನು ಬಂದ’ ಎಂದು ಎಚ್ಚರಗೊಳ್ಳುತ್ತದೆ. ಅಲ್ಲಿಯವರೆಗೆ ಗೆಡ್ಡೆಯನ್ನು ನಮ್ಮವನೇ ಎಂದು ಬಿಟ್ಟಿದ್ದ ಬಿಳಿ ರಕ್ತಕಣಗಳು ನುಗ್ಗಿ ಬಂದು ವೈರಸ್ಸಿನ ಜೊತೆ ಗೆಡ್ಡೆಯ ಮೇಲೂ ಕೈಮಾಡುತ್ತವೆ. ಸ್ಟೈನ್‌ಮೆಟ್ಜ್ ಮತ್ತು ಡಾರ್ಟ್‌ಮತ್‌ನ ಸ್ಟೀವನ್ ಫಿಯರಿಂಗ್ ಅವರ ತಂಡಗಳು ಇಲಿಗಳಲ್ಲಿ ಇದನ್ನು ತೋರಿಸಿದ ಪ್ರಬಂಧ ‘ನೇಚರ್ ನ್ಯಾನೋಟೆಕ್ನಾಲಜಿ’ ಪತ್ರಿಕೆಯ 2016ರ ಸಂಪುಟದಲ್ಲಿದೆ. ಆಮೇಲೆ ಕ್ಯಾನ್ಸರ್ ಬಂದ ಸಾಕುನಾಯಿಗಳಲ್ಲೂ ಪರೀಕ್ಷೆ ನಡೆಯಿತು. ಮನುಷ್ಯರ ಸರದಿ ಮುಂದಿನದು ಎಂದು ತಂಡ ಹೇಳುತ್ತಿದೆ.

ಈ ವೈರಸ್ಸಿನ ಅಗಲ ಸುಮಾರು 30 ನ್ಯಾನೋಮೀಟರ್. ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು ಎಂದರೆ ಯಾರ ಕಣ್ಣಿಗೂ ಏನೂ ಕಟ್ಟುವುದಿಲ್ಲ. ಒಂದೂವರೆ ಮಿಲಿಮೀಟರಿನ ಒಂದು ರಾಗಿ ಕಾಳು ತೆಗೆದುಕೊಳ್ಳಿ. ಅದರ ಈ ಅಂಚಿನಿಂದ ಆ ಅಂಚಿನವರೆಗೆ ವೈರಸ್‌ಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿದರೆ ಐವತ್ತು ಸಾವಿರ ಹಿಡಿಯುತ್ತವೆ.

‘ಸಸ್ಯದ ನ್ಯಾನೋಕಣದಿಂದ ಕ್ಯಾನ್ಸರ್ ಗುಣ’ ಎಂಬ ತಲೆಬರಹ ಈಚೆಗೆ ವಾರಕ್ಕೊಂದು ಕಾಣುತ್ತದೆ. ಅದರ ಹಿಂದಿರುವುದು ಯಾವಾಗಲೂ ಅಲಸಂದೆ ವೈರಸ್ಸೇ ಅಲ್ಲ. ಶುಂಠಿ, ದ್ರಾಕ್ಷಿಹಣ್ಣಿನ ಜಾತಿಯ ಗಿಡಗಳ ಕೋಶಗಳೇ ಉಗುಳುವ ಕೊಬ್ಬಿನ ಗುಳ್ಳೆಗಳೂ ಇದೇ ಹೆಸರಿನಲ್ಲಿ ಬರುತ್ತವೆ. ಗಿಡದಿಂದ ತೆಗೆದ ಮದ್ದನ್ನು ಬೇರೊಂದು ಕಣದೊಳಗೆ ತುಂಬಿದ್ದೂ ಇದೇ, ಎಲೆ ಕಷಾಯದಲ್ಲಿ ಬೆಳ್ಳಿ-ಚಿನ್ನದ ಉಪ್ಪು ಕಲಸಿ ಮಾಡಿದ್ದೂ ಇದೇ. ನಾಲ್ಕೂ ಬೇರೆ ಬೇರೆ ಜಾತಿ, ನಾಲ್ಕರ ವಯಸ್ಸೂ ಬೇರೆ. ಇವನ್ನೆಲ್ಲ ಒಂದೇ ಮೊರದಲ್ಲಿ ಹಾಕಿ ಕೇರಿದರೆ ಕಾಳು ಯಾವುದು ಜೊಳ್ಳು ಯಾವುದು ತಿಳಿಯುವುದಿಲ್ಲ.

ಕರ್ನಾಟಕದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಹೆಚ್ಚು ನಡೆಯುವುದು ಕೊನೆಯ ಬಗೆಯ ಕೆಲಸ. ನೋಡಲು ಬಹಳ ಚೆಂದ. ಎಲೆಯನ್ನು ತೊಳೆದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಶುದ್ಧ ನೀರಿನಲ್ಲಿ ಕುದಿಸಿ ಸೋಸುತ್ತಾರೆ. ನಮ್ಮ ಅಜ್ಜಿಯರು ಕಷಾಯ ಮಾಡುತ್ತಿದ್ದದ್ದೂ ಹೆಚ್ಚು ಕಡಿಮೆ ಹೀಗೇ. ಆ ಕಷಾಯವನ್ನು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಸೇರಿಸಿದರೆ ಬಣ್ಣವಿಲ್ಲದ ನೀರು ಮೊದಲು ತಿಳಿಹಳದಿ, ನೋಡನೋಡುತ್ತ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ಎಲೆಯೊಳಗಿನ ಪಾಲಿಫಿನಾಲ್‌ನಂಥ ವಸ್ತುಗಳು ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನ್ ಕೊಟ್ಟು ಅವನ್ನು ಲೋಹದ ಕಣವಾಗಿಸುತ್ತವೆ, ಕಣಗಳು ಒಂದಕ್ಕೊಂದು ಅಂಟದಂತೆ ಮೈಗೆ ಹೊದಿಕೆಯನ್ನೂ ಹಾಕುತ್ತವೆ. ಘಾಟು ರಾಸಾಯನಿಕ ಬೇಡ, ದೊಡ್ಡ ಯಂತ್ರ ಬೇಡ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿ ಅವರ ತಂಡ 2004ರಲ್ಲಿ ಬೇವಿನೆಲೆ ಕಷಾಯದಿಂದ ಚಿನ್ನ, ಬೆಳ್ಳಿಯ ಕಣಗಳನ್ನು ಮಾಡಿ ತೋರಿಸಿದ ಮೇಲೆ ಈ ದಾರಿ ದೇಶಕ್ಕೆಲ್ಲ ತೆರೆಯಿತು. ಅಂದಿನಿಂದ ಇಂದಿನವರೆಗೆ ಯಾವ ಗಿಡ ಉಳಿದಿದೆ ಎಂದು ಹುಡುಕುವುದೇ ಕಷ್ಟ. ತುಳಸಿ, ನೆಲನೆಲ್ಲಿ, ಅಮೃತಬಳ್ಳಿ, ನುಗ್ಗೆ ಎಲ್ಲ ಆಗಿವೆ. ಮಾಗಡಿ ಪಕ್ಕದ ಸಾವನದುರ್ಗ ಬೆಟ್ಟದ ಬಂಡೆ ಸಂದಿಗಳಲ್ಲೂ ಬೆಳೆಯುವ, ತಿಗಣೆ ವಾಸನೆ ಎಂದು ಒಂದು ಮನೆಯವರು ಮೂಗು ಮುರಿಯುವ, ಇನ್ನೊಂದು ಮನೆಯವರು ಮಜ್ಜಿಗೆಯಲ್ಲಿ ಉಪ್ಪಿನಕಾಯಿ ಹಾಕಿ ಚಪ್ಪರಿಸುವ ಮಾಕಳಿ ಬೇರಿನ ಸರದಿಯೂ ಬಂದುಹೋಗಿದೆ.

ಆಮೇಲಿನ ಹೆಜ್ಜೆ ಕೋಶ ಪರೀಕ್ಷೆ. ಅಳಗುಳಿಮಣೆಯಂತೆ ಸಾಲು ಸಾಲು ಗುಳಿಗಳಿರುವ, ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ. ಒಟ್ಟು 96 ಗುಳಿ. ಪ್ರತಿ ಗುಳಿಯಲ್ಲೂ ಕ್ಯಾನ್ಸರ್ ಕೋಶ. ಒಂದರಲ್ಲಿ ಹೀಲಾ, 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳ ಗರ್ಭಕೊರಳಿನ ಗೆಡ್ಡೆಯಿಂದ ತೆಗೆದದ್ದು. ಇನ್ನೊಂದರಲ್ಲಿ ಎಂಸಿಎಫ್-7, 1970ರಲ್ಲಿ ಸ್ತನ ಕ್ಯಾನ್ಸರಿನಿಂದ ನರಳುತ್ತಿದ್ದ ಕ್ರೈಸ್ತ ಸನ್ಯಾಸಿನಿಯೊಬ್ಬರ ದೇಹದಿಂದ ಬಂದದ್ದು. ಆ ಇಬ್ಬರ ಕೋಶಗಳು ಇಂದಿಗೂ ಬೆಂಗಳೂರು, ಮೈಸೂರು, ತುಮಕೂರುಗಳ ಶೈತ್ಯಪೆಟ್ಟಿಗೆಗಳಲ್ಲಿ ಬದುಕಿವೆ. ಗುಳಿಗಳಿಗೆ ನ್ಯಾನೋಕಣ ಬಿಟ್ಟು, ಒಂದೆರಡು ದಿನ ಕಾದು, ಎಂಟಿಟಿ ಎಂಬ ಹಳದಿ ದ್ರವ ಹಾಕಿದರೆ ಬದುಕಿರುವ ಕೋಶ ಅದನ್ನು ನೇರಳೆಯಾಗಿಸುತ್ತದೆ, ಸತ್ತದ್ದು ಹಳದಿಯಾಗಿಯೇ ಬಿಡುತ್ತದೆ. ನೇರಳೆ ಕಡಿಮೆಯಾದಷ್ಟೂ ಸಂಶೋಧಕರ ಮುಖ ಅರಳುತ್ತದೆ. ಪ್ರಬಂಧ ಪ್ರಕಟವಾಗುತ್ತದೆ, ಪಿಎಚ್‌ಡಿ ಬರುತ್ತದೆ. ಸ್ಥಳೀಯ ಪುಟದಲ್ಲಿ ಫೋಟೊ ಸಹಿತ ಸುದ್ದಿಯಾಗುತ್ತದೆ: ‘ಕ್ಯಾನ್ಸರ್‌ಗೆ ಮದ್ದು ಕಂಡುಹಿಡಿದ ಪ್ರಾಧ್ಯಾಪಕರು’.

ಸುದ್ದಿ ಸುಳ್ಳಲ್ಲ, ಕೋಶ ಸತ್ತಿರುವುದು ನಿಜ. ಆದರೆ ಗುಳಿಯೊಳಗಿನ ಕೋಶವನ್ನು ಕೊಲ್ಲುವುದು ಹೆಚ್ಚುಗಾರಿಕೆಯೇ ಅಲ್ಲ. ಉಪ್ಪು ಹೆಚ್ಚಾದರೂ ಸಾಯುತ್ತದೆ, ಸೋಪಿನ ನೀರು ಬಿದ್ದರೂ ಸಾಯುತ್ತದೆ. ಕೋಶವನ್ನು ಮೈಯೊಳಗೇ, ಪಕ್ಕದ ಒಳ್ಳೆಯ ಕೋಶಕ್ಕೆ ಪೆಟ್ಟಾಗದಂತೆ, ಯಕೃತ್ತು-ಮೂತ್ರಪಿಂಡ ಕೆಡದಂತೆ ಕೊಲ್ಲಬೇಕು. ಸಾವನದುರ್ಗದ ಬಂಡೆಯ ಬುಡದಲ್ಲಿ ಫೋಟೊ ಹೊಡೆಸಿಕೊಂಡು ‘ಬೆಟ್ಟ ಹತ್ತಿದೆವು’ ಎಂದು ಹಾಕುವವರು ಪ್ರತಿ ಭಾನುವಾರ ಸಿಗುತ್ತಾರೆ. ನಮ್ಮ ಎಲೆ-ಬೆಳ್ಳಿ ಪ್ರಬಂಧಗಳಲ್ಲಿ ಬಹುಪಾಲು ಆ ಫೋಟೊದ ಜಾತಿಯವು.

ಬೆಟ್ಟ ಹತ್ತಿದ ಗಿಡಗಳು ಇಲ್ಲವೆಂದಲ್ಲ. ಮಾಗಡಿಯ ಮನೆಯಂಗಳದಲ್ಲಿ, ಸಮಾಧಿಗಳ ಬದಿಯಲ್ಲಿ ಯಾರೂ ನೀರು ಹಾಕದಿದ್ದರೂ ಹೂ ಬಿಡುವ ನಿತ್ಯಪುಷ್ಪವನ್ನೇ ನೋಡಿ. ಕಾಶಿಕಣಗಿಲೆ ಎಂದೂ ಅನ್ನುತ್ತಾರೆ. ತವರು ಮಡಗಾಸ್ಕರ್. 1952ರಲ್ಲಿ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಜಮೈಕಾದಿಂದ ಅಂಚೆಯಲ್ಲಿ ಇಪ್ಪತ್ತೈದು ಎಲೆ ಬಂದವು. ಅಲ್ಲಿನ ಜನ ಸಕ್ಕರೆ ಕಾಯಿಲೆಗೆ ಇದರ ಕಷಾಯ ಕುಡಿಯುತ್ತಿದ್ದರು. ಅವರ ತಮ್ಮ ರಾಬರ್ಟ್ ನೋಬಲ್ ಪ್ರಯೋಗಾಲಯದಲ್ಲಿ ಇಲಿಗಳಿಗೆ ಕೊಟ್ಟು ನೋಡಿದರೆ ಸಕ್ಕರೆ ಒಂದಿಷ್ಟೂ ಇಳಿಯಲಿಲ್ಲ. ಸಾರವನ್ನು ಚುಚ್ಚಿದ ಇಲಿಗಳು ಸೋಂಕು ತಗುಲಿ ಸತ್ತವು. ಯಾಕೆಂದು ನೋಡಿದಾಗ ಅವುಗಳ ಬಿಳಿ ರಕ್ತಕಣ ನೆಲಕಚ್ಚಿತ್ತು. ಬೇರೆಯವರಾಗಿದ್ದರೆ ‘ಈ ಸೊಪ್ಪು ವಿಷ’ ಎಂದು ಎಸೆದುಬಿಡುತ್ತಿದ್ದರೇನೋ. ಬಿಳಿ ರಕ್ತಕಣ ಮಿತಿಮೀರಿ ಬೆಳೆಯುವ ರಕ್ತಕ್ಯಾನ್ಸರಿಗೆ ಇದೇ ಮದ್ದಾಗಬಹುದಲ್ಲ ಎಂದು ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಹಟ ಹಿಡಿದರು. 1958ರಲ್ಲಿ ವಿನ್‌ಬ್ಲಾಸ್ಟಿನ್ ಹೊರಬಂತು. ಅದರ ಒಡಹುಟ್ಟಾದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಂದಿಗೂ ಮಕ್ಕಳ ರಕ್ತಕ್ಯಾನ್ಸರ್ ಚಿಕಿತ್ಸೆ ಹೆಚ್ಚಾಗಿ ವಿನ್‌ಕ್ರಿಸ್ಟಿನ್ ಇಲ್ಲದೆ ಶುರುವಾಗುವುದಿಲ್ಲ.

ಹಾಗೆಂದು ಅಂಗಳದ ನಿತ್ಯಪುಷ್ಪ ಅರೆದು ಕುಡಿದರೆ ಆ ಮದ್ದು ಸಿಗುವುದಿಲ್ಲ. ಎಲೆಯಲ್ಲಿ ಅದರ ಅಂಶ ತೀರಾ ಕಡಿಮೆ. ಒಂದು ಗ್ರಾಂಗೆ ನೂರಾರು ಕಿಲೊ ಒಣ ಎಲೆ ಬೇಕು. ಜೊತೆಗಿರುವ ಬೇರೆ ವಿಷಗಳು ಪುಕ್ಕಟೆ. ಆಸ್ಪತ್ರೆಯಲ್ಲಿ ಮಗುವಿನ ಮೈಯಳತೆ ನೋಡಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವ ಮದ್ದು ಇದು, ಅಳತೆ ತಪ್ಪಿದರೆ ನರ ಸತ್ತುಹೋಗುತ್ತದೆ. ಅಳತೆ ಎಂಬುದೇ ಎಲೆಗೂ ಮದ್ದಿಗೂ ಇರುವ ವ್ಯತ್ಯಾಸ.

ನ್ಯಾನೋಕಣದ ನಿಜವಾದ ಕೆಲಸ ಏನೆಂದು ತಿಳಿಯಬೇಕಾದರೆ ಬದುವಿನ ಹರಳು ಗಿಡದ ಕಥೆ ಕೇಳಬೇಕು. ಪೆಸಿಫಿಕ್ ಯೂ ಎಂಬ ಮರದ ತೊಗಟೆಯಿಂದ ಟ್ಯಾಕ್ಸಾಲ್ ಎಂಬ ಮದ್ದನ್ನು ಬೇರ್ಪಡಿಸಿ 1971ರಲ್ಲಿ ಅದರ ರಚನೆ ಬಿಡಿಸಿದವರು ಮನ್ರೋ ವಾಲ್ ಮತ್ತು ಮಹಾರಾಷ್ಟ್ರ ಮೂಲದ ಮನ್ಸುಖ್ ವಾನಿ. ಮದ್ದೇನೋ ಗಟ್ಟಿ, ಆದರೆ ನೀರಿನಲ್ಲಿ ಕರಗದು. ಕರಗದ್ದನ್ನು ರಕ್ತಕ್ಕೆ ಬಿಡುವುದು ಹೇಗೆ? ಹರಳೆಣ್ಣೆಯನ್ನು ರಾಸಾಯನಿಕವಾಗಿ ಮಾರ್ಪಡಿಸಿ ಮಾಡಿದ ಕ್ರೆಮೊಫಾರ್ ಎಂಬ ದ್ರವದಲ್ಲಿ ಕಲಸಿಕೊಟ್ಟರು. 1992ರಲ್ಲಿ ಅನುಮತಿಯೂ ಬಂತು. ಮದ್ದು ಕೆಲಸ ಮಾಡಿತು, ಆದರೆ ಹೊತ್ತು ತಂದ ಎಣ್ಣೆಯೇ ರೋಗಿಗಳ ಮೈಗೆ ಒಗ್ಗಲಿಲ್ಲ. ಉಸಿರು ಕಟ್ಟುವಷ್ಟು ಅಲರ್ಜಿ ಕೆಲವರಿಗೆ. ಅದಕ್ಕೇ ಮೊದಲು ಸ್ಟೀರಾಯ್ಡ್ ಕೊಟ್ಟು, ಆಮೇಲೆ ಗಂಟೆಗಟ್ಟಲೆ ತೊಟ್ಟಿಕ್ಕಿಸಬೇಕಿತ್ತು.

ಎಣ್ಣೆ ಬಿಟ್ಟು, ನಮ್ಮ ರಕ್ತದಲ್ಲೇ ಇರುವ ಆಲ್ಬುಮಿನ್ ಪ್ರೋಟೀನಿಗೆ ಆ ಮದ್ದನ್ನು ಅಂಟಿಸಿ ಸುಮಾರು 130 ನ್ಯಾನೋಮೀಟರಿನ ಕಣ ಮಾಡಿದರು. ಅಬ್ರಾಕ್ಸೇನ್ ಎಂಬ ಹೆಸರಿನಲ್ಲಿ 2005ರಲ್ಲಿ ಅದು ಅಮೆರಿಕದ ಮಾರುಕಟ್ಟೆಗೆ ಬಂತು. ಅರ್ಧ ಗಂಟೆಯಲ್ಲಿ ಡ್ರಿಪ್ ಮುಗಿಯುತ್ತದೆ. ಭಾರತದಲ್ಲೂ 2007ರಲ್ಲಿ ಡಾಬರ್ ಫಾರ್ಮಾ ಕಂಪನಿ ಎಣ್ಣೆಯ ಬದಲು ಪಾಲಿಮರ್ ಕಣದಲ್ಲಿ ಅದೇ ಮದ್ದು ತುಂಬಿ ನ್ಯಾನೋಕ್ಸೆಲ್ ಎಂದು ತಂದಿತು. ಗಿಡದ ಮದ್ದು, ನ್ಯಾನೋ ಗಾತ್ರ, ಮನುಷ್ಯರ ಮೇಲೆ ಪರೀಕ್ಷೆ ಮೂರೂ ಕೂಡಿದ ಉದಾಹರಣೆ ಇದು. ಕಣ ಇಲ್ಲಿ ಮಾಯಾಜಾಲ ಮಾಡಲಿಲ್ಲ. ಬಂಡಿ ಬದಲಾಯಿತು, ಅಷ್ಟೆ. ಮದ್ದಿನ ರಚನೆ ಬಿಡಿಸಿದ ದಿನದಿಂದ ಲೆಕ್ಕ ಹಾಕಿದರೆ ಆ ‘ಅಷ್ಟೆ’ಗೆ 34 ವರ್ಷ ಹಿಡಿಯಿತು.

ಬಂಡಿ ಬದಲಾದರೆ ಊರು ಸೇರಿಯೇ ಸೇರುತ್ತದೆ ಎಂದೂ ಇಲ್ಲ. ನಿತ್ಯಪುಷ್ಪದ ವಿನ್‌ಕ್ರಿಸ್ಟಿನ್ ಅನ್ನು ಕೊಬ್ಬಿನ ನ್ಯಾನೋಗುಳ್ಳೆಯಲ್ಲಿ ತುಂಬಿದ ಮಾರ್ಕಿಬೊ ಎಂಬ ಮದ್ದಿಗೆ 2012ರಲ್ಲಿ ಅಮೆರಿಕ ತ್ವರಿತ ಅನುಮತಿ ಕೊಟ್ಟಿತು. ಉಪಯೋಗವನ್ನು ಖಚಿತಪಡಿಸಬೇಕಾಗಿದ್ದ ದೊಡ್ಡ ಪರೀಕ್ಷೆ ಪೂರ್ಣವಾಗಲಿಲ್ಲ. 2022ರಲ್ಲಿ ಅನುಮತಿ ಹಿಂದಕ್ಕೆ ಹೋಯಿತು.

ಟೊರಾಂಟೊದ ವಾರೆನ್ ಚಾನ್ ಅವರ ತಂಡ 2016ರಲ್ಲಿ ಹಿಂದಿನ ಹತ್ತು ವರ್ಷಗಳ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ ಒಂದು ಲೆಕ್ಕ ತೆಗೆಯಿತು. ರಕ್ತಕ್ಕೆ ಚುಚ್ಚಿದ ನ್ಯಾನೋಕಣಗಳಲ್ಲಿ ಗೆಡ್ಡೆ ಮುಟ್ಟುವುದು ಮಧ್ಯಾಂಕದ ಲೆಕ್ಕದಲ್ಲಿ ಎಷ್ಟು? ಶೇಕಡಾ 0.7. ಸಾವಿರಕ್ಕೆ ಏಳು. ಉಳಿದದ್ದನ್ನು ಬಹುಪಾಲು ಯಕೃತ್ತು, ಗುಲ್ಮಗಳೇ ಹಿಡಿದಿಟ್ಟುಕೊಳ್ಳುತ್ತವೆ. ಗೆಡ್ಡೆಯ ರಕ್ತನಾಳ ಸೋರುವುದರಿಂದ ಕಣಗಳು ತಾವಾಗಿ ಅಲ್ಲೇ ಜಮಾಯಿಸುತ್ತವೆ ಎಂದು ಜಪಾನಿನ ಹಿರೋಷಿ ಮೇಡಾ 1986ರಲ್ಲಿ ಹೇಳಿದ್ದ ಮಾತನ್ನು ಲೋಕವೆಲ್ಲ ಮಂತ್ರದಂತೆ ಜಪಿಸುತ್ತಿತ್ತು. ಇಲಿಯಲ್ಲಿ ಚೆನ್ನಾಗಿ ಫಲಿಸುವ ಆ ಮಂತ್ರ ಮನುಷ್ಯರಲ್ಲಿ ಅಷ್ಟಾಗಿ ಫಲಿಸುವುದಿಲ್ಲ ಎಂದು ಈಗ ಕ್ಷೇತ್ರದೊಳಗಿನವರೇ ಒಪ್ಪುತ್ತಾರೆ. ಅಲಸಂದೆ ವೈರಸ್ಸಿನವರು ರಕ್ತಕ್ಕೆ ಬಿಡದೆ ನೇರ ಗೆಡ್ಡೆಗೇ ಚುಚ್ಚುವುದು ಈ ದೃಷ್ಟಿಯಿಂದ ಜಾಣತನ.

ಕನ್ನಡಿಗರಿಗೆ ಹತ್ತಿರದ ಹೆಸರು ಇಲ್ಲೊಂದಿದೆ. ಕಟ್ಟೇಶ್ ಕಟ್ಟಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮುಗಿಸಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ನೆಲೆ ನಿಂತವರು, ಹಸಿರು ನ್ಯಾನೋ ತಂತ್ರಜ್ಞಾನಕ್ಕೆ ಹೆಸರಾದವರು. ಟೀ ಎಲೆಯಲ್ಲಿರುವ ಒಂದು ಸಂಯುಕ್ತವನ್ನು ವಿಕಿರಣ ಸೂಸುವ ಚಿನ್ನದ ಕಣಕ್ಕೆ ಹೊದಿಸಿದರೆ ಅದು ಪ್ರಾಸ್ಟೇಟ್ ಕ್ಯಾನ್ಸರ್ ಕೋಶವನ್ನು ಹುಡುಕಿ ಅಂಟಿಕೊಳ್ಳುತ್ತದೆ ಎಂದು ಅವರ ತಂಡ 2012ರಲ್ಲಿ ತೋರಿಸಿತು. ಇಲಿಗಳಲ್ಲಿ 28 ದಿನಗಳಲ್ಲಿ ಗೆಡ್ಡೆಯ ಗಾತ್ರ ಸುಮಾರು ಶೇಕಡಾ 80ರಷ್ಟು ಇಳಿಯಿತು. ಬಳಸಿದ ಚಿನ್ನ-198ರ ಅರ್ಧಾಯುಷ್ಯ ಮೂರು ದಿನಕ್ಕೂ ಕಡಿಮೆ. ಕೆಲಸ ಮುಗಿಸಿ ತಾನೇ ತಣ್ಣಗಾಗುತ್ತದೆ. ಆಮೇಲೆ ಅವರ ಗಮನ ಆಯುರ್ವೇದದ ಸ್ವರ್ಣಭಸ್ಮದ ಕಡೆ ಹೊರಳಿತು. ಗಿಡದ ಸಂಯುಕ್ತಗಳಿಂದ ಮಾಡಿದ ಚಿನ್ನದ ಕಣಕ್ಕೆ ‘ನ್ಯಾನೋ ಸ್ವರ್ಣಭಸ್ಮ’ ಎಂದು ಹೆಸರಿಟ್ಟು, ಭಾರತದಲ್ಲಿ ಸ್ತನ ಕ್ಯಾನ್ಸರ್ ರೋಗಿಗಳಿಗೆ ಕೀಮೋ ಜೊತೆಯಲ್ಲಿ ಕೊಟ್ಟು ನೋಡಿದ ವರದಿ 2020ರಲ್ಲಿ ಪ್ರಕಟವಾಯಿತು.

ಆ ವರದಿಯನ್ನು ಹೊಗಳಬೇಕಾದ್ದು ಒಂದು ಕಾರಣಕ್ಕೆ: ತಟ್ಟೆ, ಇಲಿ ದಾಟಿ ಅದು ಮನುಷ್ಯರವರೆಗೆ ಬಂದಿದೆ. ಅನುಮಾನಿಸಬೇಕಾದ್ದು ಇನ್ನೊಂದಕ್ಕೆ: ಅದು ಪುಟ್ಟ ಅಧ್ಯಯನ, ಶೀರ್ಷಿಕೆಯಲ್ಲೇ ‘ಪೈಲಟ್’ ಎಂದು ಹೇಳಿಕೊಂಡಿದೆ. ಇಂಥದ್ದನ್ನು ಸಂಬಂಧವೇ ಇಲ್ಲದ ಬೇರೆ ಆಸ್ಪತ್ರೆಗಳು ನೂರಾರು ರೋಗಿಗಳಲ್ಲಿ ಮಾಡಿ ನೋಡಿ, ಅದೇ ಫಲ ಬಂದರೆ ಮಾತ್ರ ಮದ್ದು ಎನ್ನಬಹುದು. ಅಂಗಡಿಯಲ್ಲಿ ಸಿಗುವ ಸ್ವರ್ಣಭಸ್ಮವೇ ಇದು ಎಂದು ಯಾರಾದರೂ ಮಾರಲು ಬಂದರೆ ಬಾಗಿಲು ಹಾಕಿಕೊಳ್ಳುವುದು ಕ್ಷೇಮ.

ಮಾರಲು ಬರುವವರು ಇದ್ದೇ ಇರುತ್ತಾರೆ. ಕೆಲ ವರ್ಷಗಳ ಹಿಂದೆ ಲಕ್ಷ್ಮಣಫಲದ ಹುಚ್ಚು ಹೇಗೆ ಹಬ್ಬಿತು ಎಂದು ರಾಜ್ಯದ ನರ್ಸರಿಯವರನ್ನು ಕೇಳಬೇಕು. ‘ಕೀಮೋಗಿಂತ ಹತ್ತು ಸಾವಿರ ಪಟ್ಟು ಶಕ್ತಿ’ ಎಂಬ ವಾಟ್ಸ್ಆ್ಯಪ್ ಸಂದೇಶ ನಂಬಿ ಹಣ್ಣಿಗೆ ಕಂಡಕಂಡ ಬೆಲೆ ಕೊಟ್ಟವರಿದ್ದಾರೆ, ಎಲೆ ಒಣಗಿಸಿ ಮಾರಿದವರಿದ್ದಾರೆ. ಆ ಹತ್ತು ಸಾವಿರ ಪಟ್ಟು ಹುಟ್ಟಿದ್ದು ಮೇಲೆ ಹೇಳಿದ ಗುಳಿ ತಟ್ಟೆಯಲ್ಲೇ. ಅದೇ ಹಣ್ಣಿನಲ್ಲಿರುವ ಅನೊನಾಸಿನ್ ನರಕ್ಕೆ ವಿಷ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್‌ನಂಥ ಕಾಯಿಲೆ ಹೆಚ್ಚಿರುವುದಕ್ಕೂ ಈ ಜಾತಿಯ ಹಣ್ಣು, ಎಲೆ ಕಷಾಯದ ಬಳಕೆಗೂ ನಂಟಿರಬಹುದೆಂದು 1999ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿತ್ತು. ಆ ಸಂದೇಶವನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಇದನ್ನೆಲ್ಲ ಜನರ ಮೌಢ್ಯ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿ ಅವರು 2020ರಲ್ಲಿ ತೀರಿಕೊಳ್ಳುವವರೆಗೆ ವಾರಕ್ಕೆರಡು ದಿನ ಮರದ ತೊಗಟೆಯ ಮದ್ದು ಕೊಡುತ್ತಿದ್ದರು. ದೂರದೂರದ ರಾಜ್ಯಗಳಿಂದ ಬಂದವರು ಹಿಂದಿನ ರಾತ್ರಿಯೇ ಸಾಲಿನಲ್ಲಿ ಮಲಗುತ್ತಿದ್ದರು, ಕೈಯಲ್ಲಿ ಸ್ಕ್ಯಾನಿಂಗ್ ಕವರ್ ಹಿಡಿದುಕೊಂಡು. ಆ ಸಾಲಿನಲ್ಲಿ ಇಂಜಿನಿಯರುಗಳಿದ್ದರು, ಮೇಷ್ಟರಿದ್ದರು. ‘ಇನ್ನೇನೂ ಮಾಡುವಂತಿಲ್ಲ’ ಎಂದು ಕೇಳಿಸಿಕೊಂಡು ಬಂದವರಿಗೆ ‘ತಗೊಂಡು ನೋಡಿ’ ಎಂಬ ಮಾತೇ ದೊಡ್ಡದು. ಮಾಗಡಿಯಿಂದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಐವತ್ತು ಚಿಲ್ಲರೆ ಕಿಲೊಮೀಟರ್. 1973ರಿಂದ ಅದು ಬಡವರ ಕ್ಯಾನ್ಸರ್ ಆಸ್ಪತ್ರೆ. ಆದರೆ ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು, ಬಸ್ಸು ಬದಲಿಸಿ ಹೋಗಿ ಸರದಿ ನಿಂತು, ಮೂರು ವಾರಕ್ಕೊಮ್ಮೆ ಮತ್ತೆ ಮತ್ತೆ ಹೋಗುವ ಮನೆಯವರಿಗೆ ಪಕ್ಕದೂರಿನ ಸೊಪ್ಪು ಹತ್ತಿರ ಅನ್ನಿಸುವುದು ಸಹಜ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಹೊಸದಾಗಿ ಕ್ಯಾನ್ಸರ್ ಬಂದವರು 14.6 ಲಕ್ಷ. ಸುಳ್ಳು ಭರವಸೆ ಮಾರುವವನಿಗೆ ಇದು ದೊಡ್ಡ ಸಂತೆ. ಕ್ಯಾನ್ಸರ್ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಕಾನೂನಿನ ಪ್ರಕಾರವೇ ಅಪರಾಧ. ಜಾರಿ ಮಾಡುವವರು ಎಚ್ಚರವಾಗಿದ್ದರೆ.

ಇನ್ನೊಂದು ಭಯ ಕಾಡಿನದು. ಪಶ್ಚಿಮಘಟ್ಟದಲ್ಲಿ ದುರ್ವಾಸನೆ ಮರ ಎಂದೊಂದಿದೆ. ವಾಲ್ ಮತ್ತು ವಾನಿ 1966ರಲ್ಲಿ ಚೀನಾದ ಮರದಲ್ಲಿ ಕಂಡ ಕ್ಯಾಂಪ್ಟೊಥೆಸಿನ್ ಎಂಬ ಮದ್ದು 1972ರಲ್ಲಿ ಈ ನಮ್ಮ ಮರದಲ್ಲೂ ಸಿಕ್ಕಿತು, ಅದೂ ಧಾರಾಳವಾಗಿ. ಅಲ್ಲಿಂದ ಅದಕ್ಕೆ ಕೊಡಲಿ. ಬೇರು, ಕಾಂಡ ಚೂರು ಮಾಡಿ ಹೊರದೇಶಕ್ಕೆ ಸಾಗಿಸಿದರು. ಘಟ್ಟದ ಯಾವ ಭಾಗದ ಮರದಲ್ಲಿ ಮದ್ದು ಎಷ್ಟಿದೆ, ಮರ ಕಡಿಯದೆ ತೆಗೆಯಲು ಸಾಧ್ಯವೇ ಎಂದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಆರ್. ಉಮಾಶಂಕರ್ ಅವರ ತಂಡ ಹಲವು ವರ್ಷ ದುಡಿದಿದೆ. ಕ್ಯಾಂಪ್ಟೊಥೆಸಿನ್‌ನಿಂದ ಹುಟ್ಟಿದ ಇರಿನೊಟೆಕಾನ್ ಅನ್ನು ನ್ಯಾನೋಗುಳ್ಳೆಯಲ್ಲಿ ತುಂಬಿದ ಮದ್ದಿಗೆ 2015ರಲ್ಲಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆಂದು ಅಮೆರಿಕದಲ್ಲಿ ಅನುಮತಿ ದೊರೆಯಿತು. ಬೇರೆ ಚಿಕಿತ್ಸೆ ಸೋತವರಲ್ಲಿ 4.2 ತಿಂಗಳಿದ್ದ ಮಧ್ಯಾಂಕ ಬದುಕು, ಹಳೆಯ ಮದ್ದಿನ ಜೊತೆ ಇದನ್ನೂ ಕೊಟ್ಟಾಗ 6.1 ತಿಂಗಳಾಯಿತು. ಹೆಚ್ಚು ಕಡಿಮೆ ಎರಡು ತಿಂಗಳು. ತಲೆಬರಹಕ್ಕೆ ಸಣ್ಣದು, ಮಗಳ ಮದುವೆ ನೋಡಿಹೋಗಬೇಕೆಂಬವನಿಗೆ ಸಣ್ಣದಲ್ಲ. ವಿಜ್ಞಾನ ಕೊಡುವ ಭರವಸೆಯ ನಿಜವಾದ ಅಳತೆ ಇಂಥದ್ದು.

ಸಾವನದುರ್ಗದ ಕಾಡಿನಲ್ಲೂ ಔಷಧಿ ಸಸ್ಯ ಸಂರಕ್ಷಣಾ ಪ್ರದೇಶವೊಂದಿದೆ. ಅಲ್ಲಿನ ಬೇರು-ಬಳ್ಳಿಯ ಗುರುತು ಇರುಳಿಗ ಬುಡಕಟ್ಟಿನವರಿಗೆ ತಲೆತಲಾಂತರದಿಂದ ಬಂದದ್ದು. ಮಾಕಳಿ ಬೇರು ಉಪ್ಪಿನಕಾಯಿಗೇ ಅಗೆದು ಅಗೆದು ಅಪರೂಪವಾಗುತ್ತಿದೆ. ನಾಳೆ ಅದರ ಮೇಲೆ ‘ಕ್ಯಾನ್ಸರ್ ಮದ್ದು’ ಎಂಬ ಚೀಟಿ ಅಂಟಿದರೆ ಬಂಡೆ ಸಂದಿಯಲ್ಲಿ ಒಂದು ಗಡ್ಡೆಯೂ ಉಳಿಯುವುದಿಲ್ಲ. ಗುಳಿ ತಟ್ಟೆಯ ಫಲಿತಾಂಶವನ್ನು ಊರಿಗೆಲ್ಲ ಸಾರುವ ಮುನ್ನ ಪ್ರಾಧ್ಯಾಪಕರು, ಪತ್ರಕರ್ತರು ಇದನ್ನೂ ಯೋಚಿಸಬೇಕು.

ಹಾಗಾದರೆ ಸಂಶೋಧನೆ ಬೇಡವೇ? ಬೇಕು, ಆದರೆ ಇನ್ನೊಂದು ಎಲೆ ಬೇಡ. ಕೈಯಲ್ಲಿರುವ ನಾಲ್ಕಾರು ಎಲೆಗಳನ್ನೇ ಹಿಡಿದು ಮುಂದಿನ ಮೆಟ್ಟಿಲು ಹತ್ತಿಸುವ ಕೆಲಸ ಬೇಕು. ಅದಕ್ಕೆ ಬೇಕಾದ ಸರಂಜಾಮೆಲ್ಲ ಮಾಗಡಿಯಿಂದ ಒಂದೆರಡು ಬಸ್ಸಿನ ದೂರದಲ್ಲಿದೆ. ಶಿವನಪುರದಲ್ಲಿ ನ್ಯಾನೋ ಮತ್ತು ಮೃದು ದ್ರವ್ಯ ವಿಜ್ಞಾನ ಕೇಂದ್ರ ಇದೆ. ಆವರಣದ ಹೆಸರೇ ಅರ್ಕಾವತಿ, ಮಾಗಡಿಯ ಮಂಚನಬೆಲೆ ಅಣೆಕಟ್ಟು ತುಂಬಿಸುವ ಅದೇ ಹೊಳೆ. ಜಕ್ಕೂರಿನಲ್ಲಿ ಸಿ.ಎನ್.ಆರ್. ರಾವ್ ಕಟ್ಟಿ ಬೆಳೆಸಿದ ಜವಾಹರಲಾಲ್ ನೆಹರೂ ಕೇಂದ್ರ, ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ, ಹೊಸೂರು ರಸ್ತೆಯಲ್ಲಿ ಕಿದ್ವಾಯಿ. ಗಿಡ ಬಲ್ಲವರು ಒಂದು ಕಡೆ, ಕಣ ಬಲ್ಲವರು ಒಂದು ಕಡೆ, ರೋಗಿ ಇನ್ನೊಂದು ಕಡೆ. ಒಬ್ಬರ ಬಾಗಿಲನ್ನು ಇನ್ನೊಬ್ಬರು ತಟ್ಟುವುದು ಅಪರೂಪ.

ಮೊದಲು ಆಗಬೇಕಾದ್ದು ಅಳತೆ. ಅವರೆಗೆ ಸೊಗಡು ಬರುವುದು ಚಳಿ, ಇಬ್ಬನಿ ಬಿದ್ದಾಗ ಮಾತ್ರ ಎಂದು ಮಾಗಡಿಯ ಮಕ್ಕಳಿಗೂ ಗೊತ್ತು. ಬೇಸಿಗೆಯ ಅವರೆಗೆ ಆ ಘಮ ಇಲ್ಲ. ಗಿಡದ ರಸಾಯನವೇ ಹಾಗೆ, ಮಣ್ಣು, ಮಳೆ, ತಿಂಗಳು ಬದಲಾದರೆ ತಾನೂ ಬದಲಾಗುತ್ತದೆ. ಆಷಾಢದಲ್ಲಿ ಕಿತ್ತ ಎಲೆಯಿಂದ ಮಾಡಿದ ಕಣ, ಮಾಘದಲ್ಲಿ ಕಿತ್ತ ಎಲೆಯ ಕಣ ಒಂದೇ ಆಗಿರುತ್ತದೆಂದು ಹೇಳಲು ಬಾರದು. ಪ್ರತಿ ಸಲವೂ ಒಂದೇ ಗಾತ್ರ, ಒಂದೇ ಹೊದಿಕೆ, ಒಂದೇ ಶಕ್ತಿ ಇರುವ ಕಣ ಮಾಡಲಾಗದಿದ್ದರೆ ಅದು ಮದ್ದಾಗದು. ನ್ಯಾನೋ ಔಷಧಗಳನ್ನು ಹೇಗೆ ಒರೆಗೆ ಹಚ್ಚಬೇಕು ಎಂದು ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದೆ. ಎಲೆ ಪ್ರಬಂಧಗಳಲ್ಲಿ ಎಷ್ಟು ಅದರ ಮೊದಲ ಪುಟ ದಾಟಬಲ್ಲವು? ವಿಶ್ವವಿದ್ಯಾಲಯಗಳು ಬಡ್ತಿಗೆ ಪ್ರಬಂಧಗಳ ಸಂಖ್ಯೆ ಎಣಿಸುವುದನ್ನು ಬಿಡುವವರೆಗೆ ಈ ಪ್ರಶ್ನೆಗೆ ಯಾರಿಗೂ ಉತ್ತರ ಬೇಕಾಗುವುದಿಲ್ಲ. ಬೇರೆಯವರ ಪ್ರಯೋಗವನ್ನು ಮತ್ತೆ ಮಾಡಿ ‘ಫಲ ಬರಲಿಲ್ಲ’ ಎಂದು ಬರೆದ ವಿದ್ಯಾರ್ಥಿಗೂ ಪಿಎಚ್‌ಡಿ ಕೊಡುವ ಧೈರ್ಯ ಬೇಕು.

ಅರಿಶಿನ ಕಲಿಸಿದ ಪಾಠವೂ ಇದೇ. ಅದರ ಕರ್ಕ್ಯುಮಿನ್ ಮೇಲೆ ನೂರಿಪ್ಪತ್ತಕ್ಕೂ ಹೆಚ್ಚು ಮಾನವ ಪರೀಕ್ಷೆ ನಡೆದಿದ್ದರೂ, ಕಟ್ಟುನಿಟ್ಟಾಗಿ ನಡೆಸಿದ ಒಂದೂ ಗೆದ್ದಿಲ್ಲ ಎಂದು ಅಮೆರಿಕದ ರಸಾಯನ ವಿಜ್ಞಾನಿಗಳು 2017ರಲ್ಲಿ ಬರೆದರು. ತಟ್ಟೆಯಲ್ಲಿ ಅದು ಎಲ್ಲ ಕಾಯಿಲೆಗೂ ರಾಮಬಾಣ.

ಓದುಗರಿಗೆ ಉಳಿದದ್ದು ಇಷ್ಟು. ‘ಸಸ್ಯ ನ್ಯಾನೋಕಣದಿಂದ ಕ್ಯಾನ್ಸರ್ ನಾಶ’ ಎಂಬ ಸುದ್ದಿ ಕಂಡಾಗ ಮೂರನೇ ಪ್ಯಾರಾದವರೆಗೆ ಓದಿ. ತಟ್ಟೆಯೋ, ಇಲಿಯೋ, ಮನುಷ್ಯರೋ ನೋಡಿ. ಮನುಷ್ಯರ ಮೇಲೆ ಪರೀಕ್ಷೆ ನಡೆಯುತ್ತಿದೆ, ಸೇರಿಕೊಳ್ಳಿ ಎಂದು ಯಾರಾದರೂ ಕರೆದರೆ ಭಾರತೀಯ ಕ್ಲಿನಿಕಲ್ ಪರೀಕ್ಷಾ ನೋಂದಣಿಯ ಸಂಖ್ಯೆ ಕೇಳಿ. 2009ರಿಂದ ಆ ನೋಂದಣಿ ಕಡ್ಡಾಯ, ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನಿಜವಾದ ಪರೀಕ್ಷೆಯಲ್ಲಿ ಪ್ರಯೋಗದ ಮದ್ದಿಗೆ ರೋಗಿಯಿಂದ ದುಡ್ಡು ಕೇಳುವುದಿಲ್ಲ. ಕೀಮೋ ನಡೆಯುತ್ತಿರುವಾಗ ಮನೆಯಲ್ಲಿ ಯಾವುದಾದರೂ ಕಷಾಯ, ಭಸ್ಮ, ಸೊಪ್ಪಿನ ರಸ ಕೊಡುತ್ತಿದ್ದರೆ ಬೈಸಿಕೊಳ್ಳುವ ಭಯ ಬಿಟ್ಟು ಅದನ್ನು ಡಾಕ್ಟರಿಗೆ ಹೇಳಿ; ಮದ್ದನ್ನು ಅರಗಿಸುವ ಯಕೃತ್ತು ಎರಡಕ್ಕೂ ಒಂದೇ.